ಮೂರು ಹೂಂ, ಎರಡು ವರ್ಷದ ಕರಾರು

ತನಗೆ ಟೋಪಿ ಹಾಕುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಪ್ರೂಫಣ್ಣ ಬೆಳಗಿನ ಕಾಫಿಯ ಹೊತ್ತಿಗೆ ಘೋಷಿಸಿಬಿಟ್ಟರು. ಅದಕ್ಕೆ ಕಾರಣ ಎದುರುಮನೆಯ ಟೈಲರು. ಪಾಪ, ಅವರು ಫೋನಿನಲ್ಲಿ ಯಾರೋ ಹಚ್ಚಿದ ಬೆಣ್ಣೆಗೆ ಕರಗಿ, ಇದ್ದ ಫೋನ್ ಕಂಪನಿ ಬಿಟ್ಟು ಇನ್ನೊಂದು ಕಂಪನಿಯ ಕರಾರಿಗೆ ಕೊರಳು ಕೊಟ್ಟು ಕೂತಿದ್ದರು.

"ರೀ, ನೀವೂ ಫೋನ್ ಎತ್ತುವಾಗ ಸ್ವಲ್ಪ ಹುಷಾರು" ಎಂದರು ನರ್ಸಮ್ಮ, ಅಂದರೆ ಪ್ರೂಫಣ್ಣನ ಧರ್ಮಪತ್ನಿ.

"ನನಗೆ ಹೇಳ್ತೀಯಾ? ಸಣ್ಣಕ್ಷರದಲ್ಲಿ ಇರೋದನ್ನ ಎರಡು ಸಲ ಓದದೆ ನಾನು ಎಲ್ಲೂ ಸಹಿ ಹಾಕಿದವನಲ್ಲ. ಮಾಡ್ಲಿ ಫೋನು, ಬೆವರಿಳಿಸಿ ಕಳಿಸ್ತೀನಿ."

"ಸರಿ ಬಿಡಿ."

ಇದು ಬರೀ ಜಂಬವಲ್ಲ. ಪ್ರೂಫಣ್ಣ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಪ್ರೂಫ್ ರೀಡರು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರ ತಪ್ಪುಗಳನ್ನು ಹೆಕ್ಕುವ ಕೆಲಸ. ಎಲ್ಲೋ ತಲೆಮರೆಸಿಕೊಂಡ ಒಂದು ಅಲ್ಪವಿರಾಮವನ್ನೂ ಕತ್ತಿನ ಪಟ್ಟಿ ಹಿಡಿದು ಎಳೆತರುವ ಕಣ್ಣು ಅವರದು. ಆದರೆ ದೇವರು ಕಣ್ಣಿಗೆ ಧಾರಾಳವಾಗಿ ಕೊಟ್ಟು ಕಿವಿಯ ಹತ್ತಿರ ಬರುವಷ್ಟರಲ್ಲಿ ಕೈ ಬಿಗಿಹಿಡಿದಿದ್ದ. ಅವರು ಪ್ರೂಫ್ ನೋಡುತ್ತಿದ್ದದ್ದು ಊಟದ ಮೇಜಿನ ಮೇಲೆ. ನರ್ಸಮ್ಮ ಊರಿನ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದದ್ದೂ ಅಲ್ಲೇ. ಹಾಗಾಗಿ ಮದುವೆಯಾದ ಹೊಸತರಲ್ಲೇ ಅವರೊಂದು ಮಹಾವಿದ್ಯೆ ಕಲಿತಿದ್ದರು. ತಲೆ ಪುಟದಲ್ಲಿ, ಪೆನ್ಸಿಲ್ಲು ಸಾಲಿನಲ್ಲಿ. ಹೆಂಡತಿಯ ಮಾತು ಉಸಿರಿಗಾಗಿ ನಿಂತ ಜಾಗದಲ್ಲಿ ಕರಾರುವಾಕ್ಕಾಗಿ ಒಂದು "ಹೂಂ". ಒಂದು ಕ್ಷಣ ಹಿಂದಿಲ್ಲ, ಮುಂದಿಲ್ಲ. ಹೇಳಿದ್ದೇನು ಎಂದು ಆಮೇಲೆ ಕೇಳಿದರೆ ಮಾತ್ರ ಬ್ರಹ್ಮ ಬಂದರೂ ಉತ್ತರ ಸಿಗುತ್ತಿರಲಿಲ್ಲ.

ಅವರ ಮನೆಯ ಫೋನು ಸಾಮಾನ್ಯ ಫೋನಲ್ಲ. ನರ್ಸಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆಸ್ಪತ್ರೆ ಬಿಟ್ಟರೂ ಬಸುರಿಯರು ಅವರನ್ನು ಬಿಟ್ಟಿರಲಿಲ್ಲ. ನಾಲ್ಕು ಬೀದಿಯಲ್ಲಿ ಯಾರಿಗೆ ನೋವು ಶುರುವಾದರೂ ಮೊದಲು ತಿರುಗಿಸುತ್ತಿದ್ದದ್ದು ಈ ನಂಬರು. ನರ್ಸಮ್ಮನಿಗೆ ಮೊಬೈಲು ಇತ್ತು, ಆದರೆ ಅದು ಸದಾ ಚಾರ್ಜಿಲ್ಲದೆ ಬಟ್ಟೆಗಳ ನಡುವೆ ನಿದ್ದೆ ಹೊಡೆಯುತ್ತಿತ್ತು. ಆಗಂತೂ ಬೇಕರಿಯವರ ಸೊಸೆಗೆ ದಿನ ತುಂಬಿತ್ತು. ಚೊಚ್ಚಲು, ಹುಡುಗಿಗೆ ವಿಪರೀತ ಭಯ. "ನಡುರಾತ್ರಿಯಾದ್ರೂ ಫೋನ್ ಮಾಡು, ನಾನು ಬರ್ತೀನಿ" ಎಂದು ನರ್ಸಮ್ಮ ಅವಳ ಕೈಹಿಡಿದು ಮಾತು ಕೊಟ್ಟು ಬಂದಿದ್ದರು.

ಇಂಥ ಫೋನು ಒಂದು ಮಧ್ಯಾಹ್ನ, ನರ್ಸಮ್ಮ ತರಕಾರಿಗೆ ಹೋಗಿದ್ದಾಗ, ಕಿಣಿಕಿಣಿಸಿತು.

"ನಮಸ್ಕಾರ ಸಾರ್, ನಿಮ್ಮ ಮನೆ ಫೋನ್ ಲೈನಿನ ಬಗ್ಗೆ ಮಾತಾಡ್ತಿದ್ದೀನಿ." ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು.

ಪ್ರೂಫಣ್ಣ ಬೆನ್ನು ನೆಟ್ಟಗೆ ಮಾಡಿ ಕೂತರು. "ಯಾವ ಕಂಪನಿಯಮ್ಮಾ? ಸರಿಯಾಗಿ ಹೇಳು."

"ಟೆಲಿಫೋನ್ ವಿಭಾಗದಿಂದ ಸಾರ್. ನಿಮ್ಮ ಹಳೇ ಪ್ಲಾನ್ ಮುಗೀತಾ ಬಂದಿದೆ. ನೀವು ಏನೂ ಮಾಡ್ಬೇಕಾಗಿಲ್ಲ, ಎಲ್ಲ ನಾವೇ ನೋಡ್ಕೋತೀವಿ."

"ಹಾಗೆಲ್ಲ ನಾನು ಒಪ್ಪೋನಲ್ಲ. ಷರತ್ತುಗಳನ್ನ ಒಂದೊಂದಾಗಿ ಓದು, ಕೇಳೋಣ."

ಎಂಥ ಗತ್ತು! ಹುಡುಗಿ ಓದಲು ಶುರುಮಾಡಿದಳು. ಅಷ್ಟರಲ್ಲಿ ಪ್ರೂಫಣ್ಣನ ಕಣ್ಣು ಮೇಜಿನ ಮೇಲಿದ್ದ ಜೇನು ಸಾಕಣೆಯ ಪುಸ್ತಕದ ಪ್ರೂಫಿನ ಮೇಲೆ ಬಿತ್ತು. ಅರೆ, ಒಂದು ಇಡೀ ಪ್ಯಾರಾ ಎರಡೆರಡು ಸಲ ಅಚ್ಚಾಗಿದೆ! ಕೈ ತಾನಾಗಿ ಪೆನ್ಸಿಲ್ಲಿಗೆ ಹೋಯಿತು. ಕಿವಿ ತಾನಾಗಿ ಅಂಗಡಿ ಮುಚ್ಚಿತು. ಹುಡುಗಿ ಉಸಿರು ತೆಗೆದುಕೊಂಡಳು. ಪ್ರೂಫಣ್ಣ "ಹೂಂ" ಎಂದರು. ಮತ್ತೆ ನಿಂತಳು, ಮತ್ತೆ "ಹೂಂ". ಮೂರನೆಯ ಹೂಂಗೆ ಅವಳು ಧನ್ಯವಾದ ಹೇಳಿ ಫೋನಿಟ್ಟಳು. ಪ್ರೂಫಣ್ಣ ಹೆಚ್ಚಿನ ಪ್ಯಾರಾ ಹೊಡೆದುಹಾಕಿದ ತೃಪ್ತಿಯಲ್ಲಿ ಮೀಸೆ ತೀಡಿಕೊಂಡರು.

"ಒಬ್ಬಳು ಫೋನ್ ಮಾಡಿದ್ಲು" ಎಂದರು, ಹೆಂಡತಿ ಬಂದ ಕೂಡಲೇ. "ಷರತ್ತು ಓದು ಅಂದೆ ನೋಡು, ಅಲ್ಲಿಗೆ ಅವಳ ಆಟ ಮುಗೀತು."

ಮುಂದಿನ ವಾರ ಬೆಳ್ಳಂಬೆಳಗ್ಗೆ ಲೈನ್‌ಮನ್ನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲೊಂದು ಹೊಸ ಪೆಟ್ಟಿಗೆ, ಹೆಗಲಲ್ಲಿ ವೈರಿನ ಸುರುಳಿ.

"ಹೊಸ ಕನೆಕ್ಷನ್ನಮ್ಮ. ಹಳೇ ನಂಬರು ಮಧ್ಯಾಹ್ನಕ್ಕೆ ಕಟ್ಟಾಗುತ್ತೆ. ಇನ್ಮೇಲೆ ಹೊಸ ನಂಬರು."

"ಯಾರಪ್ಪ ಕೇಳಿದ್ದು ಹೊಸ ನಂಬರು?"

"ಯಜಮಾನ್ರೇ ಒಪ್ಪಿದಾರಂತಲ್ಲಮ್ಮ. ಎರಡು ವರ್ಷದ ಕರಾರು."

"ನಾನೆಲ್ಲೂ ಸಹಿ ಹಾಕಿಲ್ಲ" ಎಂದು ಪ್ರೂಫಣ್ಣ ಒಳಗಿನಿಂದಲೇ ಗುಡುಗಿದರು.

"ಈಗ ಸಹಿ ಬೇಡ ಸಾರ್. ಬಾಯಲ್ಲಿ ಒಪ್ಪಿದ್ರೆ ಸಾಕು. ರೆಕಾರ್ಡಾಗಿರುತ್ತೆ."

ಪ್ರೂಫಣ್ಣ ಪೆನ್ಸಿಲ್ಲು ಹಿಡಿದೇ ಬಾಗಿಲಿಗೆ ಬಂದರು. ನರ್ಸಮ್ಮ ಗಂಡನ ಕಡೆ ನೋಡಲೂ ಇಲ್ಲ. ಬೇಕರಿಯವರ ಸೊಸೆಯ ಹೆದರಿದ ಮುಖ ಅವರ ಕಣ್ಣ ಮುಂದೆ ಬಂದಿತ್ತು. ಆ ಹುಡುಗಿ ನೋವಿನಲ್ಲಿ ಫೋನು ತಿರುಗಿಸಿ, ಇತ್ತ ಯಾರೂ ಎತ್ತದೆ ಹೋದರೆ? ಲೈನ್‌ಮನ್ನಿಗೆ ಕುರ್ಚಿ ತೋರಿಸಿ, ಕಾಫಿ ಕೊಟ್ಟು, ಪೆಟ್ಟಿಗೆಯನ್ನು ಮುಟ್ಟಬೇಡ ಎಂದು ಹೇಳಿ, ಆ ಕಂಪನಿಗೆ ಫೋನು ಹಚ್ಚಿದರು. ಸಂಗೀತ ಕೇಳಿ ಕೇಳಿ ಕಿವಿ ಕೆಂಪಾದ ಮೇಲೆ ಮ್ಯಾನೇಜರು ಸಿಕ್ಕಿದ.

"ನಿಮ್ಮ ಯಜಮಾನರ ಒಪ್ಪಿಗೆ ನಮ್ಮ ಹತ್ರ ಇದೆ ಮೇಡಂ. ಈ ಕರೆಯಂತೆ ಅದೂ ರೆಕಾರ್ಡಾಗಿದೆ. ಬೇಕಾದ್ರೆ ಕೇಳಿಸ್ತೀನಿ."

ಸ್ಪೀಕರಿನಲ್ಲಿ ಪ್ರೂಫಣ್ಣನ ಗತ್ತಿನ ದನಿ ಮನೆತುಂಬ ಮೊಳಗಿತು: "ಹಾಗೆಲ್ಲ ನಾನು ಒಪ್ಪೋನಲ್ಲ." ಆಮೇಲೆ ಹುಡುಗಿಯ ದನಿ. ಬೇರೆ ಕಂಪನಿಗೆ ಬದಲಾಯಿಸಬಹುದಾ ಸಾರ್? ಹೂಂ. ನಂಬರು ಬದಲಾಗುತ್ತೆ, ಪರವಾಗಿಲ್ವಾ? ಹೂಂ. ಎರಡು ವರ್ಷ ಬಿಡೋ ಹಾಗಿಲ್ಲ, ಬಿಟ್ರೆ ದಂಡ, ಒಪ್ಪಿಗೆಯಾ? ಈ ಕೊನೆಯ ಹೂಂ ಅಂತೂ ಬಲು ಸಂತೋಷದ ಹೂಂ. ಲೈನ್‌ಮನ್ನು ಕಾಫಿಯ ಲೋಟದೊಳಗೆ ಮುಖ ಮರೆಸಿಕೊಂಡ. ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ಪ್ರೂಫಣ್ಣನಿಗೆ.

"ಷರತ್ತೆಲ್ಲ ಕೇಳಿಸ್ಕೊಂಡೇ ಒಪ್ಪಿದಾರಲ್ಲ ಮೇಡಂ" ಎಂದ ಮ್ಯಾನೇಜರು.

"ಕೇಳಿಸ್ಕೊಂಡಿಲ್ಲ ಅಂತ ತೋರಿಸಿದ್ರೆ?"

"ಹಾಗಿದ್ರೆ ಕರಾರು ನಿಲ್ಲೋದಿಲ್ಲ. ಆದ್ರೆ ಹೇಗೆ ತೋರಿಸ್ತೀರಿ?"

"ಸ್ವಲ್ಪ ಹೊತ್ತು ಲೈನಿನಲ್ಲೇ ಇರಪ್ಪ." ನರ್ಸಮ್ಮ ಗಂಡನ ಕಡೆ ತಿರುಗಿದರು. "ನೀವ್ಯಾಕೆ ಇಲ್ಲಿ ಪೆಚ್ಚುಮೋರೆ ಹಾಕ್ಕೊಂಡು ನಿಂತಿದ್ದೀರಿ? ಹೋಗಿ ನಿಮ್ಮ ಕೆಲಸ ನೋಡ್ಕೊಳ್ಳಿ."

ಪ್ರೂಫಣ್ಣನಿಗೂ ಮುಖ ಮುಚ್ಚಿಕೊಳ್ಳಲು ಒಂದು ಜಾಗ ಬೇಕಿತ್ತು. ಮೇಜಿಗೆ ಹೋಗಿ ಜೇನುನೊಣಗಳ ನಡುವೆ ತಲೆ ಹುದುಗಿಸಿದರು. ನಾಚಿಕೆಯಿಂದ ಒಂದು ಪುಟ ಸುಮ್ಮನೆ ಉರುಳಿತು. ಎರಡನೆಯ ಪುಟದಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು, ಪೆನ್ಸಿಲ್ಲು ಎದ್ದಿತು. ಆಮೇಲೆ ನಡೆದದ್ದೆಲ್ಲ ಬೀದಿಗೆ ಗೊತ್ತಾಗಿದ್ದು ಲೈನ್‌ಮನ್ನಿನ ಬಾಯಿಂದ.

ನರ್ಸಮ್ಮ ಫೋನನ್ನು ಗಂಡನ ಬೆನ್ನಿಗೆ ಹಿಡಿದು, ದಿನವೂ ಸುದ್ದಿ ಹೇಳುವ ದನಿಯಲ್ಲೇ ಶುರುಮಾಡಿದರಂತೆ.

"ರೀ, ಈ ಮನೆ ಮಾರಿ ಮರದ ಮೇಲೆ ಇರೋಣ್ವಾ?"

"ಹೂಂ."

"ನೀವು ನಾಳೆಯಿಂದ ನನ್ನ ಸೀರೆ ಉಟ್ಕೊಂಡು ಪ್ರೆಸ್ಸಿಗೆ ಹೋಗ್ತೀರಲ್ಲ?"

"ಹೂಂ."

"ನಿಮ್ಮ ತಲೆ ಮೇಲೆ ಕಪ್ಪೆ ಕೂತಿದೆ."

"ಹೂಂ, ಕೂತಿರ್ಲಿ."

ಹೀಗೇ ಇನ್ನೂ ನಾಲ್ಕಾರು ಪ್ರಶ್ನೆ, ನಾಲ್ಕಾರು ಹೂಂ. ಫೋನಿನ ಆ ತುದಿಯಲ್ಲಿ ಮೊದಲು ಕೆಮ್ಮು ಕೇಳಿಸಿತು, ಆಮೇಲೆ ತಡೆಯಲಾರದ ನಗು. ನಕ್ಕು ಮುಗಿದ ಮೇಲೆ ಮ್ಯಾನೇಜರು ದನಿ ತಗ್ಗಿಸಿದ. "ಅಮ್ಮಾ, ಕರಾರು ರದ್ದು ಮಾಡಿದೀನಿ. ಆ ಹುಡುಗಿ ಕಂಪನಿ ಹೆಸರು ಹೇಳದೆ ಮಾತಾಡಿದ್ದೂ ತಪ್ಪೇ, ನಾನು ವಿಚಾರಿಸ್ತೀನಿ. ನಿಮ್ಮ ನಂಬರು ನಿಮ್ಮದೇ. ಒಂದೇ ಒಂದು ಬೇಡಿಕೆ. ಈ ಪರೀಕ್ಷೆ ನನ್ನ ಹೆಂಡತಿಗೆ ಮಾತ್ರ ಗೊತ್ತಾಗದ ಹಾಗೆ ನೋಡ್ಕೊಳ್ಳಿ."

ಲೈನ್‌ಮನ್ನು ಪೆಟ್ಟಿಗೆ ಎತ್ತಿಕೊಂಡು, ದಾರಿಯುದ್ದಕ್ಕೂ ನಗುತ್ತಾ ಹೋದ.

ಅದೇ ಸಂಜೆ ಫೋನು ಬಡಿದುಕೊಂಡಿತು. ಬೇಕರಿಯವರ ಸೊಸೆಯೇ. ಮಾತು ಬರುತ್ತಿಲ್ಲ, ಬರೀ ಅಳು. "ಬಂದೆ ಮಗಾ" ಎಂದು ನರ್ಸಮ್ಮ ಹೊರಟೇಬಿಟ್ಟರು. ಪ್ರೂಫಣ್ಣ ಹೆಂಡತಿಯ ಚೀಲ ಹೊತ್ತು ಹಿಂದೆ ಓಡಿದರು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಹುಡುಗಿಯ ಮಾವ ಬೇಕರಿಯವನ ಪಕ್ಕ ಕೂತರು. ಒಳಗಿನಿಂದ ಹೆಂಡತಿಯ ದನಿ ಕೇಳುತ್ತಿತ್ತು: "ನಾನಿದ್ದೀನಲ್ಲ, ನನ್ನ ಕೈ ಬಿಡಬೇಡ." ಆವತ್ತು ಪ್ರೂಫಣ್ಣ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದರು. ಈ ದನಿಯನ್ನು ಇಷ್ಟು ವರ್ಷ ಪುಕ್ಕಟೆಯಾಗಿ ಮನೆಯಲ್ಲಿಟ್ಟುಕೊಂಡು ಕೇಳದೆ ಹೋದೆನಲ್ಲ ಎನಿಸಿ ಬಾಗಿಲ ಕಡೆಗೆ ಇನ್ನಷ್ಟು ಸರಿದು ಕೂತರು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿತು. ಹೆಣ್ಣುಮಗು, ತಾಯಿಯೂ ಸುಖವಾಗಿದ್ದಳು. ಬೇಕರಿಯವನು ಪ್ರೂಫಣ್ಣನನ್ನು ತಬ್ಬಿಕೊಂಡು, "ನಿಮ್ಮ ಫೋನು ತಣ್ಣಗಿರಲಿ ಅಣ್ಣ" ಎಂದ. ಪ್ರೂಫಣ್ಣ ತಲೆ ತಗ್ಗಿಸಿದರು.

ಮನೆಗೆ ನಡೆದು ಬರುವಾಗ ಅವರಿಂದ ಸುಮ್ಮನಿರಲಾಗಲಿಲ್ಲ.

"ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ. ನಿನ್ನ ಋಣ ನಾನು ತೀರಿಸೋಕಾಗಲ್ಲ. ಇವತ್ತು ಏನು ಬೇಕಾದ್ರೂ ಕೇಳು. ಮನಸ್ಸಿಟ್ಟು ಕೇಳಿಸ್ಕೊಂಡು, ನಿಜವಾದ ಹೂಂ ಹೇಳ್ತೀನಿ."

"ಏನೂ ಬೇಡ ಬಿಡಿ" ಎಂದರು ನರ್ಸಮ್ಮ. "ಬೇಕಾಗಿದ್ದನ್ನ ಬೆಳಿಗ್ಗೆನೇ ತಗೊಂಡಾಯ್ತು."

"ಏನು ತಗೊಂಡೆ?"

"ಬೇಸಿಗೆಗೆ ನನ್ನ ತಂಗೀರನ್ನೆಲ್ಲ ಕರ್ಕೊಂಡು ಸಮುದ್ರ ನೋಡೋಕೆ ಹೋಗೋಣ್ವಾ, ಅಲ್ಲಿದ್ದಷ್ಟು ದಿನ ನೀವು ಪ್ರೂಫ್ ಮುಟ್ಟಬಾರದು ಅಂದೆ. ಹೂಂ ಅಂದ್ರಿ."

"ನಾನಾ? ಯಾವಾಗ?"

"ಮ್ಯಾನೇಜರು ಲೈನಿನಲ್ಲಿದ್ದಾಗ. ರೆಕಾರ್ಡಾಗಿದೆ."