ಕಾಕಾ ಆರಿಸಿದ ಕುಂಗ್‌ಫೂ ಕವಚ

ನಮ್ಮ ಕಾಕಾ ಊಟಕ್ಕೆ ಕೂಡುವಾಗಲೂ ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ, ಅದು ಸುಳ್ಳು. ಆದರೆ ತಾಟಿನ ಮುಂದೆ ಕೂಡುವ ಮೊದಲು ಅವನು ತಲೆಯೆತ್ತಿ ಫ್ಯಾನನ್ನು ಪರೀಕ್ಷಿಸುತ್ತಿದ್ದುದು ಮಾತ್ರ ನಿಜ. ಫ್ಯಾನಿನ ನೇರ ಕೆಳಗಿನ ಜಾಗವನ್ನು ಬಹಳ ಗೌರವದಿಂದ ನಮ್ಮಪ್ಪನಿಗೆ ಬಿಟ್ಟುಕೊಡುತ್ತಿದ್ದ. "ಅಣ್ಣ ಹಿರಿಯಾಂವ, ಗಾಳಿ ಅವಗ ಬೇಕು" ಎನ್ನುತ್ತಿದ್ದ.

ಕಾಕಾ ಎಂದರೆ ಅಪ್ಪನ ತಮ್ಮ. ಶಹಾಬಜಾರದ ನಮ್ಮ ಮನೆಯಲ್ಲೇ ಇದ್ದ, ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಲಗ್ನವಾಗಿರಲಿಲ್ಲ. ಅದೂ ಒಂದು ಮುಂಜಾಗ್ರತೆಯೇ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು. ಕಲಬುರಗಿಯ ಬಿಸಿಲಿಗೆ ಹೊರಬೀಳುವವರು ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳುವುದುಂಟು. ಕಾಕಾ ಅಂಗಿಗೂ ಪ್ಯಾಂಟಿಗೂ ಇದ್ದ ಎಲ್ಲ ಕಿಸೆಗಳಲ್ಲೂ ಇಟ್ಟುಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಅವನು ಓಣಿಯೊಳಗೆ ಬಂದರೆ ಭಜಿ ಅಂಗಡಿಯೇ ಎದ್ದು ನಡೆದು ಬಂದಂತಾಗುತ್ತಿತ್ತು.

ಇಂಥ ಮನುಷ್ಯ ನನ್ನನ್ನು ಕುಂಗ್‌ಫೂ ಕ್ಲಾಸಿಗೆ ಸೇರಿಸಿದ ಎಂದರೆ?

ಅದು ತೊಂಬತ್ತರ ದಶಕದ ಮಾತು. ನಾನು ಎಂಟನೆಯ ಇಯತ್ತೆ. ಖೂಬಾ ಪ್ಲಾಟಿನ ಹತ್ತಿರ ಒಂದು ಶಾಲೆಯ ಅಂಗಳದಲ್ಲಿ ಸಂಜೆ ಕುಂಗ್‌ಫೂ ಕಲಿಸುತ್ತಿದ್ದರು. ಟ್ಯೂಷನ್ ಮುಗಿಸಿ ಬರುವಾಗ ಅಲ್ಲಿ ನಿಂತು ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಮನೆಯಲ್ಲಿ ಮಾತು ತೆಗೆದ ಕೂಡಲೇ ಅವ್ವ, "ಹುಡುಗಿ ಮೂಗು ಮುರಕೊಂಡು ಬಂದರ ಮುಂದ ಹೆಂಗ?" ಎಂದಳು. ಅಪ್ಪ ಪೇಪರಿನಿಂದ ತಲೆಯೆತ್ತದೆ "ಬ್ಯಾಡ" ಎಂದರು.

ಆಗ ಬಾಯಿ ತೆಗೆದವನು ಕಾಕಾ. "ಕಲೀಲಿ ಬಿಡಣ್ಣ. ದಿನಾ ಆಕಿ ಹಿಂದ ನಾವು ಯಾರು ಹೋಗ್ತೀವಿ? ಆಕಿ ತನ್ನ ತಾ ನೋಡ್ಕೊಳ್ಳೂದು ಕಲತರ ನನಗ ನಿದ್ದಿ ಬರ್ತದ."

ಅಪ್ಪ ಪೇಪರ್ ಮಡಚಿದರು. "ನಿನ್ನ ನಿದ್ದಿ ಸಲುವಾಗಿ ಕಳಸ್ತೀನಿ. ಆದರ ಕೇಳಿಲ್ಲಿ, ಮೈಮ್ಯಾಲ ಒಂದು ಗೀರು ಬಿದ್ದರೂ ಅವತ್ತಿಗೇ ಕ್ಲಾಸ್ ಬಂದ್."

"ಬೀಳಂಗಿಲ್ಲ. ನಾ ಇದ್ದೀನಲ್ಲ" ಎಂದ ಕಾಕಾ. ಈ ಒಂದು ಮಾತು ಅವನನ್ನು ಎಲ್ಲೆಲ್ಲಿಗೆ ತಿರುಗಿಸಿತು ಎನ್ನುವುದೇ ಈಗ ನಾನು ಹೇಳಬೇಕಾಗಿರುವುದು.

ಮೊದಲ ಕೆಲವು ತಿಂಗಳು ಏನೂ ತೊಂದರೆಯಿರಲಿಲ್ಲ. ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು. ಗಾಳಿ ತಿರುಗಿ ಹೊಡೆಯುವುದಿಲ್ಲವಾದ್ದರಿಂದ ಕಾಕಾ ಕಟ್ಟೆಯ ಮೇಲೆ ಕೂತು ಆರಾಮಾಗಿ ಶೇಂಗಾ ತಿನ್ನುತ್ತಿದ್ದ. ಒಂದು ದಿನ ಮಾಸ್ಟರ್, ಮುಂದಿನ ತಿಂಗಳಿನಿಂದ ಸ್ಪಾರಿಂಗ್, ಅಂದರೆ ಎದುರುಬದುರು ನಿಂತು ಆಡುವ ಜೋಡಿಯಾಟ ಎಂದರು. ತಲೆಗೆ, ಎದೆಗೆ, ಮೊಣಕಾಲ ಕೆಳಗಿನ ಎಲುಬಿಗೆ ಗಾರ್ಡು, ಕೈಗೆ ಗ್ಲೌಸು, ಹಲ್ಲಿಗೂ ಒಂದು ಗಾರ್ಡು ತರಬೇಕು ಎಂದರು. ಕಾಕಾನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು.

ಮರುದಿನವೇ ನಾವು ಬಜಾರಿನ ಆಟದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಕೇರಂ ಬೋರ್ಡಿಗೆ ಪೌಡರ್ ಹಾಕಿ ಒರೆಸುತ್ತಿದ್ದರು.

"ಕುಂಗ್‌ಫೂ ಸಾಮಾನು ಕೊಡ್ರಿ" ಎಂದ ಕಾಕಾ.

"ಅದು ಖಾಲಿ ಕೈಲೆ ಆಡೂ ಆಟ ಅಲ್ಲೇನ್ರಿ ಸಾಬ?" ಎಂದರು ಅವರು. "ಅದಕ್ಕ ಸಾಮಾನು ಕಾಯ್ಕು, ಯಾಕ ಬೇಕು?"

ಇದು ನ್ಯಾಯವಾದ ಪ್ರಶ್ನೆ. ಆದರೆ ಕಾಕಾ ಬಿಡುವವನೇ? ಕ್ರಿಕೆಟ್ಟಿನ ಪ್ಯಾಡ್ ತೆಗೆಸಿದ. ಪ್ಯಾಂಟಿನ ಮೇಲೆಯೇ ಕಾಲಿಗೆ ಕಟ್ಟಿಕೊಂಡು ಅಂಗಡಿಯ ನಡುವೆ ನಿಂತು, "ಒಂದು ಒದಿರಿ, ನೋಡೂಣು" ಎಂದ.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ತೋಬಾ ತೋಬಾ. ಗಿರಾಕಿಗೆ ಒದ್ದರ ನಾಳಿ ಅಂಗಡಿಗೆ ಯಾರು ಬರ್ತಾರ್ರಿ?"

"ನಾ ಬರ್ತೀನಿ. ಒದಿರಿ."

ಅವರು ಒದೆಯಲಿಲ್ಲ. ಹೀಗಾಗಿ ಆ ಪ್ಯಾಡು ಪರೀಕ್ಷೆಯಲ್ಲಿ ನಪಾಸಾಯಿತು.

ಬಜಾರಿನಲ್ಲಿ ಸಿಗದಿದ್ದರೆ ಮಾಡಿಸಿದರಾಯಿತು ಎಂದು ಕಾಕಾ ರೋಜಾ ಬಡಾವಣೆಯ ಕಡೆ ಹೊರಟ. ದರ್ಗಾದ ಹಾದಿಯಲ್ಲಿ ಗಾದಿ ತುಂಬುವ ಒಬ್ಬ ಪಿಂಜಾರ ಇದ್ದ. ಅವನ ಮುಂದೆ ನನ್ನನ್ನು ನಿಲ್ಲಿಸಿ, ಕುತ್ತಿಗೆಯಿಂದ ಸೊಂಟದವರೆಗೆ ಎದೆಗವಚದ ಅಳತೆ ಕೊಟ್ಟ. ಪಿಂಜಾರ ಹತ್ತಿ ತುಂಬುತ್ತ ಹೋದ, ಕಾಕಾ "ಇನ್ನಷ್ಟು" ಎನ್ನುತ್ತ ಹೋದ. ಕೊನೆಗೆ ಅವನೇ ಕೈ ನಿಲ್ಲಿಸಿ ಕೇಳಿದ: "ಸಾಹೇಬ್ರ, ಈ ಹುಡುಗಿ ಇದನ್ನ ಹಾಕ್ಕೋಬೇಕೋ, ಇದರ ಮ್ಯಾಲ ಮಲಕೋಬೇಕೋ?"

ಕೆಂಪು ಹೂವಿನ ಬಟ್ಟೆಯ ಆ ಕವಚ ತೊಟ್ಟು ನಾನು ಮೊದಲ ದಿನ ಜೋಡಿಯಾಟಕ್ಕೆ ನಿಂತೆ. ನನ್ನ ಎರಡು ಕೈಗಳು ಪರಸ್ಪರ ಭೇಟಿಯಾಗುವುದೇ ಸಾಧ್ಯವಿರಲಿಲ್ಲ. ಎದುರಿನ ಹುಡುಗಿ ಗುದ್ದಿದಾಗ ನನಗೆ ಏನೂ ತಿಳಿಯಲಿಲ್ಲ, ಹತ್ತಿಯ ಧೂಳು ಮಾತ್ರ ಎದ್ದಿತು. ಎರಡನೆಯ ಗುದ್ದಿಗೆ ಅಂಗಾತ ಬಿದ್ದೆ. ಬಿದ್ದವಳು ಏಳಲಾಗದೆ ಮಗುಚಿ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸಿದೆ. ಇಬ್ಬರು ಬಂದು ಎತ್ತಿ ನಿಲ್ಲಿಸಬೇಕಾಯಿತು. ಅಂದಿನಿಂದ ಕ್ಲಾಸಿನಲ್ಲಿ ನನ್ನ ಹೆಸರು 'ಗಾದಿ'.

ಕಾಕಾ ಮಾತ್ರ ಖುಷಿಯಾಗಿದ್ದ. "ಒಂದು ಗೀರೂ ಇಲ್ಲ ನೋಡು" ಎಂದ.

ತಲೆಗೆ ಅವನು ತಂದದ್ದು ಸ್ಕೂಟರಿನ ಹೆಲ್ಮೆಟ್. ಅದನ್ನು ನೋಡಿ ಮಾಸ್ಟರ್ ಅವನನ್ನು ಬದಿಗೆ ಕರೆದರು. ಮಾಸ್ಟರ್ ರೋಜಾದ ಕಡೆಯವರು, ಮೆಲುಮಾತಿನವರು. "ಸಾಹೇಬ್ರ, ನಿಮ್ಮ ಹುಡುಗಿ ತಲಿ ಉಳೀತದ, ಖರೆ. ಇದರ ಮ್ಯಾಲ ಗುದ್ದಿದ ಹುಡುಗಿ ಕೈ?"

ಕಾಕಾನ ಮುಖ ಸಣ್ಣದಾಯಿತು. ಇದು ಅವನಿಗೆ ಹೊಳೆದೇ ಇರಲಿಲ್ಲ. ಮರುದಿನ ಹೆಲ್ಮೆಟ್ಟಿನ ಹೊರಗೂ ಸುತ್ತಲೂ ಹತ್ತಿ ಕಟ್ಟಿ ತಂದ. ಅದನ್ನು ಹಾಕಿಕೊಂಡು ಮನೆಯ ಬಾಗಿಲಿನಿಂದ ಹೊರಗೆ ಬರಲು ನಾನು ಓರೆಯಾಗಬೇಕಾಯಿತು. ಮಾಸ್ಟರ್ ಬಹಳ ಹೊತ್ತು ಅದನ್ನೇ ನೋಡಿ, ಒಂದು ಉಪಾಯ ಹೇಳಿದರು. ಹೈದರಾಬಾದಿನಲ್ಲಿ ಇದಕ್ಕೆಂದೇ ಅಂಗಡಿಗಳಿವೆ, ಅಲ್ಲಿಂದ ತರಬಹುದು ಎಂದರು.

ಅಂದು ನಾನು ಓದುತ್ತ ಕೂತಿದ್ದಾಗ ಕಾಕಾ ಹಿಂದಿನಿಂದ ಬಂದು ನನ್ನ ತಲೆಗೆ ದಾರ ಸುತ್ತಿ ಅಳತೆ ತೆಗೆದ. ಕಾಲು, ಎದೆ, ಮುಷ್ಟಿ ಎಲ್ಲಕ್ಕೂ ಬೇರೆ ಬೇರೆ ದಾರ. ಯಾವ ದಾರ ಯಾವುದಕ್ಕೆಂದು ನೆನಪಿರಲಿ ಎಂದು ಗಂಟು ಹಾಕಿಕೊಂಡ. ರಜೆ ಹಾಕಿ ರೈಲಿನಲ್ಲಿ ಹೈದರಾಬಾದಿಗೆ ಹೋದ. ಮರಳಿ ಬಂದಾಗ ಅವನ ಕೈಯಲ್ಲಿದ್ದ ಚೀಲ ಅವನಿಗಿಂತ ದಪ್ಪವಾಗಿತ್ತು. ಎಲ್ಲವೂ ಎರಡೆರಡು ತಂದಿದ್ದ.

"ಎರಡ್ಯಾಕ ಕಾಕಾ?"

"ಒಂದು ನಿನಗ. ಒಂದು ನನಗ. ನಾ ಹಾಕ್ಕೊಂಡು ನೋಡಲಾರದ ನಿನಗ ಹೆಂಗ ಕೊಡಲಿ?"

ಹಲ್ಲಿನ ಗಾರ್ಡನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿದರೆ ಅದು ನಮ್ಮ ಹಲ್ಲಿನ ಆಕಾರಕ್ಕೆ ಕೂಡುತ್ತದೆ. ಅವ್ವನ ಚಹಾದ ಪಾತ್ರೆಯಲ್ಲಿ ಅದನ್ನು ಕುದಿಸಿ ಕಾಕಾ ಮೊದಲು ತಾನು ಕಚ್ಚಿದ. ಕಚ್ಚಿದ್ದು ಬಹಳ ಚೆನ್ನಾಗಿ ಕೂತಿತು. ಎಳೆದರೆ ಬರುತ್ತಿಲ್ಲ. ಅದೇ ಹೊತ್ತಿಗೆ ಅವನ ಕಚೇರಿಯ ಸಾಹೇಬರು ಯಾವುದೋ ಫೈಲು ಕೇಳಲು ಬಾಗಿಲಿಗೆ ಬರಬೇಕೆ? ಕಾಕಾ ಎರಡೂ ಕೈ ಮುಗಿದು "ಉಂ ಉಂ" ಎಂದ. ಅವ್ವ ಗಾಬರಿಯಾಗಿ, "ಇವತ್ತ ಮೌನವ್ರತ ಅದರಿ ಅವರದು" ಎಂದು ಬಿಟ್ಟಳು. ಸಾಹೇಬರು ಭಕ್ತಿಯಿಂದ ಕೈಮುಗಿದು ಹೋದರು. ಅವರು ಓಣಿ ದಾಟಿದ ಮೇಲೆ ಗಾರ್ಡು ಕಿತ್ತು ಬಂತು, ಅದರ ಜೊತೆಗೆ ಕಾಕಾನ ಕಟ್ಟಿಸಿದ ಮುಂದಿನ ಹಲ್ಲೂ ಬಂತು. "ಬಿಗಿ ಅದ, ಛಲೋ ಮಾಲು" ಎಂದ ಕಾಕಾ. ಹಲ್ಲಿಲ್ಲದ್ದಕ್ಕೆ 'ಛಲೋ' ಸ್ವಲ್ಪ ಗಾಳಿಯಾಗಿ ಕೇಳಿಸಿತು.

ಹೊಸ ಸಾಮಾನು ಹಾಕಿಕೊಂಡ ಮೇಲೆ ನಾನು 'ಗಾದಿ'ಯಿಂದ ಮತ್ತೆ ಮನುಷ್ಯಳಾದೆ. ಸರಿಯುವುದು, ಬಗ್ಗುವುದು, ಕಾಲೆತ್ತುವುದು ಎಲ್ಲ ಸಲೀಸಾಯಿತು. ಆಗಲೇ ಕಮಲಾಪುರದ ಕ್ಲಾಸಿನ ಹುಡುಗಿಯರ ಜೊತೆ ನಮ್ಮ ಕ್ಲಾಸಿನದೊಂದು ಸ್ನೇಹದ ಪಂದ್ಯ ನಿಗದಿಯಾಯಿತು. ನನ್ನ ಹೆಸರೂ ಅದರಲ್ಲಿತ್ತು. ಅಪ್ಪ ತಮ್ಮ ಮಾತನ್ನು ಇನ್ನೊಮ್ಮೆ ನೆನಪಿಸಿದರು. ಕಾಕಾ ಎರಡೂ ಜೊತೆ ಸಾಮಾನು ಚೀಲಕ್ಕೆ ತುಂಬಿದ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ನಾಲ್ಕೂ ದಿಕ್ಕಿಗೆ ಹೋಗಿ ಗಾಲಿ ಒತ್ತಿ ನೋಡಿ, ಡ್ರೈವರನಿಗೆ ಊಟವಾಯಿತೇ ಎಂದು ವಿಚಾರಿಸಿಕೊಂಡು, ಆಮೇಲೆ ನನ್ನನ್ನು ಹತ್ತಿಸಿದ.

ಕಮಲಾಪುರದ ಶಾಲೆಯ ಮೈದಾನದಲ್ಲಿ ಜನ ಸೇರಿದ್ದರು. ನನಗೆ ಎದುರಾಗಿ ಬಂದವಳು ಒಕ್ಕಲುತನದ ಮನೆಯ ಹುಡುಗಿ, ನನಗಿಂತ ಒಂದು ಗೇಣು ಎತ್ತರ, ಬೆನ್ನ ಮೇಲೆ ಎರಡು ದಪ್ಪ ಜಡೆ. ಕಾಲಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿಕೊಂಡಿದ್ದಳು. ತಲೆಗೆ ಏನೂ ಇರಲಿಲ್ಲ. ಆಟದ ತೀರ್ಪು ಕೊಡುವ ಪಂಚರು ಇಬ್ಬರನ್ನೂ ನೋಡಿ ತಲೆಯಾಡಿಸಿದರು. ಒಬ್ಬಳಿಗೆ ಕವಚವಿದ್ದು ಇನ್ನೊಬ್ಬಳಿಗೆ ಇಲ್ಲದಿದ್ದರೆ ಆಟ ನಡೆಸುವಂತಿಲ್ಲ ಎಂದರು. ಆ ಹುಡುಗಿ ಪಟ್ಟಿ ಬಿಚ್ಚತೊಡಗಿದಳು. ಅವಳ ಕಣ್ಣು ತುಂಬಿತ್ತು.

ನನ್ನ ಮೈಗೆ ಒಂದು ಗೀರೂ ಬೀಳದೆ ಮನೆಗೆ ಹೋಗಲು ಇದಕ್ಕಿಂತ ಸುಲಭದ ದಾರಿ ಯಾವುದಿತ್ತು? ಕಾಕಾ ಸುಮ್ಮನೆ ಕೂತಿದ್ದರೆ ಸಾಕಿತ್ತು. ಅವನು ಚೀಲ ಎತ್ತಿಕೊಂಡು ನೇರವಾಗಿ ಅವಳ ಹತ್ತಿರ ಹೋದ.

"ನಿಂದ್ರವಾ, ಬಿಚ್ಚಬ್ಯಾಡ. ಇಲ್ಲೊಂದು ಜೋಡಿ ಅದ."

ಅವಳ ಮುಂದೆ ಮೊಣಕಾಲೂರಿ ಕೂತು ಕಾಲಿನ ಗಾರ್ಡು ಕಟ್ಟಿದ. ಎದೆಯದನ್ನು ಅವಳ ತಾಯಿಯ ಕೈಗೆ ಕೊಟ್ಟು ಕಟ್ಟಿಸಿದ. ತಲೆಯದು ಅವನ ಅಳತೆಯದು, ಅವಳಿಗೆ ಸಡಿಲಾಯಿತು. ಜಡೆ ಎರಡನ್ನೂ ಮಡಚಿ ಒಳಗೆ ತುಂಬಿದ ಮೇಲೆ ಸರಿಯಾಗಿ ಕೂತಿತು. ಪಟ್ಟಿಯನ್ನು ಎಳೆದು ನೋಡಿದ, ಮತ್ತೆ ಎಳೆದು ನೋಡಿದ. "ಬಿಗಿ ಆತೇನವಾ? ಕಣ್ಣಿಗಿ ಅಡ್ಡ ಬರಾಕತ್ತಿಲ್ಲ ಹೌದಿಲ್ಲ? ಜ್ವಾಕಿಲೆ ಆಡು." ಅವನು ನನ್ನ ಕಾಕಾನೋ ಅವಳ ಕಾಕಾನೋ ಎಂದು ನನಗೇ ಅನುಮಾನವಾಯಿತು.

ಪಂಚರು ಸೀಟಿ ಊದಿದರು. ಏಟು ತಾಗುವುದಿಲ್ಲವೆಂಬ ಧೈರ್ಯ ಬಂದಿದ್ದೇ ತಡ, ಆ ಹುಡುಗಿ ಜೋಳದ ರಾಶಿ ಬಡಿಯುವವಳಂತೆ ನನ್ನ ಮೇಲೆ ಬಂದಳು. ನಾನೂ ಬಿಡಲಿಲ್ಲ. ಎರಡು ಸಲ ಅವಳ ಎದೆಗೆ ಸರಿಯಾಗಿ ಒದ್ದೆ. ಆದರೆ ಕೊನೆಗೆ ಬಂದ ಒಂದು ಗುದ್ದು ಹಲ್ಲಿನ ಗಾರ್ಡಿಗೂ ಹೆಡ್‌ಗಾರ್ಡಿಗೂ ನಡುವೆ ಉಳಿದಿದ್ದ ಒಂದೇ ಜಾಗವನ್ನು ಹುಡುಕಿಕೊಂಡು ಬಂತು. ತುಟಿ ಒಡೆಯಿತು. ಅಂಕದಲ್ಲಿ ಅವಳು ಗೆದ್ದಳು. ನಮ್ಮ ಕಾಕಾನ ಹೆಡ್‌ಗಾರ್ಡ್ ಹಾಕಿಕೊಂಡೇ ಗೆದ್ದಳು.

ಬಸ್ಸಿನಲ್ಲಿ ಒದ್ದೆ ಕರವಸ್ತ್ರವನ್ನು ತುಟಿಗೆ ಒತ್ತಿ ಹಿಡಿದುಕೊಂಡು ನಾನು ಅಳು ತಡೆದಿದ್ದೆ. ನೋವಿಗಲ್ಲ, ಕ್ಲಾಸು ಇವತ್ತಿಗೆ ಮುಗಿಯಿತಲ್ಲ ಎಂದು. ಕಾಕಾ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಮನೆಯಲ್ಲಿ ಅಪ್ಪ ಮೊದಲು ನೋಡಿದ್ದೇ ತುಟಿಯನ್ನು. "ಇದೇನು?"

"ನನ್ನ ಮೊಣಕೈ ಬಡೀತಣ್ಣ," ಎಂದ ಕಾಕಾ. "ಬಸ್ಸಿನಾಂವ ಗಪ್ಪನ ಬ್ರೇಕ್ ಹಾಕಿದ."

ಜೀವನದಲ್ಲಿ ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹೇಳಲು ಬರುತ್ತಲೂ ಇರಲಿಲ್ಲ. ಕಿವಿ ಕೆಂಪಗಾಗಿತ್ತು.

"ಯಾವ ಮೊಣಕೈ?" ಎಂದರು ಅಪ್ಪ.

ಕಾಕಾ ಬಲಗೈ ಎತ್ತಿದ. ಯೋಚಿಸಿ ಎಡಗೈಯನ್ನೂ ಎತ್ತಿದ.

ಅಪ್ಪ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಆ ದೊಡ್ಡ ಚೀಲವನ್ನು ನೋಡಿದರು. "ಮುಂದಿನ ಸಲ ಹೋಗುವಾಗ ಎರಡೂ ಮೊಣಕೈಗೆ ಹತ್ತಿ ಕಟ್ಕೊಂಡು ಹೋಗು" ಎಂದು ಒಳಗೆ ಹೋದರು. ಮುಂದಿನ ಸಲ ಎಂದರೆ ಕ್ಲಾಸು ಉಳಿಯಿತು ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಮಾತ್ರ ಎಲ್ಲವನ್ನೂ ನಂಬಿದಳು. "ಕೂಸಿನ ಬಾಯಿ ಒಡದು ಬಂದೀರಲ್ರಿ" ಎಂದು ಕಾಕಾನಿಗೆ ಬೈದದ್ದೇ ಬೈದದ್ದು. ಅವನು ತಲೆ ತಗ್ಗಿಸಿ "ತಪ್ಪಾತು ವೈನಿ" ಎನ್ನುತ್ತ ನಿಂತಿದ್ದ.

ಆಮೇಲೆ ಅಂಗಳದಲ್ಲಿ ಕಾಕಾ ಗಾರ್ಡುಗಳನ್ನು ಒರೆಸುತ್ತ ಕೂತ. ನಾನು ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನಲು ಹೆಣಗುತ್ತಿದ್ದೆ. ಅವನು ತಲೆಯೆತ್ತದೆ ಕೇಳಿದ, "ಈಗ ಹೇಳು. ಆಟ ಹೆಂಗಾತು?"

"ನೀ ಅಲ್ಲೇ ಕುಂತಿದ್ದೆಲ್ಲ ಕಾಕಾ?"

"ಕುಂತಿದ್ದೆ. ಸೀಟಿ ಊದಿದ ಕೂಡ್ಲೇ ಕಣ್ಣು ಮುಚ್ಚಿದೆ. ಕಡೀ ಸೀಟಿ ಕೇಳಿದ ಮ್ಯಾಲ ತಗದೆ."

"ಮತ್ತ ನಾ ಸೋತದ್ದು ಹೆಂಗ ಗೊತ್ತಾತು?"

"ಗೊತ್ತಿರಲಿಲ್ಲ. ಬಸ್ಸಿನ್ಯಾಗ ನಿನ್ನ ಮಾರಿ ನೋಡಿದ ಮ್ಯಾಲ ತಿಳೀತು." ಬಟ್ಟೆ ಹಿಡಿದ ಅವನ ಕೈ ನಿಂತಿತು. "ಕಣ್ಣು ತಗದಾಗ ನೀ ನನ್ನ ಕಡೆ ನಡಕೋತ ಬರಾಕತ್ತಿದ್ದಿ. ನಾ ಅಷ್ಟ ನೋಡಿದೆ."

ನಾನು ಮೊದಲಿನಿಂದ ಹೇಳತೊಡಗಿದೆ. ನಾನು ಒದ್ದದ್ದನ್ನು ಸ್ವಲ್ಪ ಉಬ್ಬಿಸಿಯೇ ಹೇಳಿದೆ. ಅವನು ಹೂಂಗುಡುತ್ತಿದ್ದ. ಆ ಕೊನೆಯ ಗುದ್ದು ಬರುವ ಹೊತ್ತಿಗೆ ನೋಡಿದರೆ, ನಮ್ಮ ಕಾಕಾ ಮತ್ತೆ ಕಣ್ಣು ಮುಚ್ಚಿಕೊಂಡಿದ್ದ. ನಾನು ಹತ್ತಿರ ಸರಿದು ಅವನ ಕೈ ಹಿಡಿದುಕೊಂಡು, ಉಳಿದದ್ದನ್ನು ಮೆಲ್ಲಗೆ ಹೇಳಿದೆ.