ಮೂಡ್ಲಿಗೆ ತಿರುಗಿದ ಅಕ್ಷರ

ಕಣ್ಣಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂಬ ನಂಬಿಕೆ ಬರಲು ಒಂದೇ ವಾರ ಸಾಕಾಯಿತು. ಎಪ್ಪತ್ತರ ದಶಕದ ಮಾತು. ಮದ್ದೂರು ಪೇಟೆಯಲ್ಲಿ ಬೆಳೆದು, ಪಿಯುಸಿ ಮುಗಿಸಿ, ಮದುವೆಯೂ ಆಗಿ, ಕೆಲಸ ಮಾತ್ರ ಆಗದೆ ಕೂತಿದ್ದ ನನ್ನನ್ನು ಮಂಡ್ಯದ ಕಣ್ಣಿನ ಡಾಕ್ಟರೊಬ್ಬರು ಸಹಾಯಕನಾಗಿ ಸೇರಿಸಿಕೊಂಡಿದ್ದರು. ಅವರು ಮೊದಲು ಕಲಿಸಿದ್ದು ಶಬ್ದಗಳನ್ನು. ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾ. ನಡುವಿನ ಕರಿ ಚುಕ್ಕೆ ಪ್ಯೂಪಿಲ್. ಪೊರೆ ಬಂದರೆ ಕ್ಯಾಟರಾಕ್ಟ್. ನೋಟ ಎಷ್ಟು ಚುರುಕಾಗಿದೆ ಎನ್ನುವುದು ವಿಷುಯಲ್ ಅಕ್ಯುಯಿಟಿ. ಈ ಕೊನೆಯದನ್ನು ಬಾಯಿ ತುಂಬ ಹೇಳಿದಾಗ ನನಗೇ ನನ್ನ ಮೇಲೆ ಗೌರವ ಬರುತ್ತಿತ್ತು!

ಮೊದಲು ಸಿಕ್ಕಿಬಿದ್ದವರು ನಮ್ಮತ್ತೆ. ಹೊಳಲಿನಿಂದ ಮಗಳನ್ನು ನೋಡಲು ಬಂದವರು ಸೂಜಿಯನ್ನು ಮಾರುದೂರ ಹಿಡಿದು ದಾರ ಪೋಣಿಸಲು ಒದ್ದಾಡುತ್ತಿದ್ದರು. "ಪ್ರೆಸ್‌ಬಯೋಪಿಯಾ" ಎಂದು ಗಂಭೀರವಾಗಿ ತಲೆಯಾಡಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದರೆ ನನ್ನ ಹೆಂಡತಿ ಸಾವಿತ್ರಿ ಬಾಗಿಲಲ್ಲೇ ನಿಂತಿದ್ದಳು.

"ಅವ್ವ ಬೆಳಿಗ್ಗಿಂದ ಒಂದು ತುತ್ತು ತಿಂದಿಲ್ಲ ಕಣ್ರೀ. ಅದೇನ್ ಕಾಯ್ಲೆ ಅಂದ್ರಿ?"

"ಕಾಯಿಲೆ ಅಲ್ಲವೇ, ವಯಸ್ಸು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುತ್ತೆ. ಅಷ್ಟೇ."

"ಅಷ್ಟನ್ನ ಕನ್ನಡದಲ್ಲಿ ಯೋಳಾಕೆ ಏನ್ ಧಾಡಿ?"

ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

ಮುಂದಿನ ವಾರ ಮಳವಳ್ಳಿಯ ಒಂದು ಶಾಲೆಯಲ್ಲಿ ನೇತ್ರ ಶಿಬಿರ. ಡಾಕ್ಟರು ಒಳಗಿನ ಕೋಣೆಯಲ್ಲಿ. ಹೊರಗೆ ನೋಟ ಪರೀಕ್ಷಿಸುವ ಘನಕಾರ್ಯ ನನ್ನದು. ಓದು ಬಾರದವರಿಗೂ ಆಗಲೆಂದು ನಮ್ಮ ಪಟದಲ್ಲಿ ಇಂಗ್ಲಿಷಿನ E ಒಂದೇ ಅಕ್ಷರ, ನಾಲ್ಕೂ ಕಡೆಗೆ ತಿರುಗಿಸಿ ಬರೆದದ್ದು. ಬಾಚಣಿಗೆಯ ಹಾಗೆ ಮೂರು ಹಲ್ಲು. ಹಲ್ಲು ಯಾವ ಕಡೆಗಿದೆ ಎಂದು ಹೇಳಿದರಾಯಿತು. ಮೇಲೆ ದಪ್ಪ, ಕೆಳಕ್ಕೆ ಹೋದಂತೆ ಸಣ್ಣ. ಬಂದವರಿಗೆ ಒಂದು ಕೈಯಲ್ಲಿ ಕಣ್ಣು ಮುಚ್ಚಬೇಕು, ಇನ್ನೊಂದರಲ್ಲಿ ಚೀಲವೋ ದೊಣ್ಣೆಯೋ. ಹಾಗಾಗಿ ಬಾಯಲ್ಲೇ ಹೇಳಿ ಎಂದು ಅಪ್ಪಣೆ ಮಾಡಿದೆ.

ಎಡ, ಬಲ ಎನ್ನುತ್ತಾರೆಂದು ನಾನು ಕಾದಿದ್ದರೆ ಜನ ಮೂಡ್ಲು, ಪಡುವ್ಲು ಎಂದು ಪೂರ್ವ ಪಶ್ಚಿಮ ಹೇಳತೊಡಗಿದರು. ಹೊಲದಲ್ಲಿ, ಮನೆಯಲ್ಲಿ, ಪಂಕ್ತಿಯ ಊಟದಲ್ಲೂ "ಒಸಿ ಮೂಡ್ಲಾಗೆ ಸರ್ಕೊ" ಎನ್ನುವ ಜನ. ನನಗೋ ಸೂರ್ಯ ನಮ್ಮ ಬೀದಿಯ ಹೋಟೆಲಿನ ಹಿಂದೆ ಹುಟ್ಟುತ್ತಾನೆ ಎಂಬಷ್ಟೇ ತಿಳಿವಳಿಕೆ. ಆದರೂ ಬುದ್ಧಿವಂತ ನೋಡಿ, ಬೇಗ ಉಪಾಯ ಕಂಡುಕೊಂಡೆ. ಮೂಡ್ಲು ಎಂದರೆ ಎಡ, ಪಡುವ್ಲು ಎಂದರೆ ಬಲ. ಊಟದವರೆಗೆ ಕೆಲಸ ಸುಸೂತ್ರವಾಗಿ ನಡೆಯಿತು.

ಊಟವಾದ ಮೇಲೆ ಪಟದ ಮೇಲೆ ಬಿಸಿಲು ಬಿದ್ದು ಹೊಳೆಯಿತು. ಇದಕ್ಕೆ ಗ್ಲೇರ್ ಎನ್ನುತ್ತಾರೆ, ಇದು ಕೂಡದು ಎಂದು ಕಲಿತಿದ್ದೆನಲ್ಲ! ಯಾರನ್ನೂ ಕೇಳದೆ ಪಟವನ್ನು ಕಿತ್ತು ಎದುರುಗೋಡೆಗೆ ಹಾಕಿದೆ. ಬಂದವರನ್ನು ಅತ್ತ ತಿರುಗಿಸಿ ಕೂರಿಸಿದೆ.

ಆಗ ಬಂದವರು ಸಿದ್ದೇಗೌಡರು. ಹಲಗೂರಿನಿಂದ ಮಳವಳ್ಳಿ ಮೇಲೆ ಮಂಡ್ಯಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಕಣ್ಣು ಸರಿಯಿದೆ ಎಂದು ಡಾಕ್ಟರ ಕೈಲಿ ಬರೆಸಿ ತರದಿದ್ದರೆ ನಾಳೆಯಿಂದ ಬಸ್ಸು ಮುಟ್ಟಬೇಡ ಎಂದು ಮಾಲೀಕ ಹೇಳಿಬಿಟ್ಟಿದ್ದನಂತೆ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

"ಮೇಲಿನ ದಪ್ಪ ಅಕ್ಷರ?" ಎಂದೆ.

"ಮೂಡ್ಲು."

ಪಟದಲ್ಲಿ ಹಲ್ಲು ಬಲಕ್ಕಿತ್ತು. "ಸರಿಯಾಗಿ ನೋಡಿ ಹೇಳಿ."

"ನೋಡೇ ಯೋಳ್ತಿರೋದು ಸ್ವಾಮಿ. ಮೂಡ್ಲು."

ನಾನು ಎದೆಯುಬ್ಬಿಸಿ ಒಳಕೋಣೆಗೆ ಕೇಳುವಂತೆ ಘೋಷಿಸಿದೆ. "ಸಾರ್, ಡ್ರೈವರ್ ಸಿದ್ದೇಗೌಡರು. ವಿಷುಯಲ್ ಅಕ್ಯುಯಿಟಿ ಇಲ್ಲವೇ ಇಲ್ಲ. ಮೊದಲ ಅಕ್ಷರವೂ ಕಾಣುವುದಿಲ್ಲ."

ಸಾಲಿನಲ್ಲಿದ್ದವರೆಲ್ಲ ಅವರ ಬಸ್ಸಿನಲ್ಲೇ ಬಂದವರು. "ಅಯ್ಯೋ ಸಿವನೆ, ಇವನ್ನ ನಂಬ್ಕಂಡು ಕುಂತಿದ್ವಲ್ಲವ್ವ" ಎಂದು ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಯೊಬ್ಬರು ಎದೆ ಹಿಡಿದುಕೊಂಡರು. "ಬೈಗ್ಗೆ ಊರ್ಗೆ ನಡ್ಕಂಡೇ ಓಗಾನ" ಎಂದರು ಇನ್ನೊಬ್ಬರು. ಸಿದ್ದೇಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ಕೂತರು. ಅದನ್ನು ಕಂಡು ನನಗೂ ಅಯ್ಯೋ ಎನಿಸಿತು, ಆದರೆ ಶಾಸ್ತ್ರ ಶಾಸ್ತ್ರವೇ ತಾನೆ. ಮುಂದಿನವರನ್ನು ಕರೆದೆ. ಅವರಿಗೂ ಕಾಣಲಿಲ್ಲ. ಅವರ ಹಿಂದಿನವರಿಗೂ ಇಲ್ಲ.

ಡಾಕ್ಟರು ಹೊರಗೆ ಬಂದರು. "ಊಟ ಆದ್ಮೇಲೆ ಮಳವಳ್ಳೀಲಿ ಒಬ್ಬರಿಗೂ ಕಣ್ಣು ಕಾಣಿಸ್ತಿಲ್ವಲ್ಲಯ್ಯ, ಏನಾಯ್ತು?"

ಸಿದ್ದೇಗೌಡರನ್ನು ಮತ್ತೆ ಕೂರಿಸಿ, "ಬಾಯಲ್ಲಿ ಬೇಡ, ಕೈಯಲ್ಲಿ ತೋರಿಸಿ" ಎಂದರು. ಸಿದ್ದೇಗೌಡರ ಕೈ ಬಲಕ್ಕೆ ಹೋಯಿತು, ಕೆಳಕ್ಕೆ ಹೋಯಿತು, ಎಡಕ್ಕೆ ಹೋಯಿತು. ಇರುವೆಯಷ್ಟಿದ್ದ ಕೊನೆಯ ಸಾಲಿನವರೆಗೂ ಒಂದೂ ತಪ್ಪಲಿಲ್ಲ! ಡಾಕ್ಟರು ನನ್ನ ಕಡೆ ತಿರುಗಿದರು.

"ಬೆಳಿಗ್ಗೆ ಪಟ ಯಾವ ಗೋಡೆ ಮೇಲಿತ್ತು?"

ತೋರಿಸಿದೆ.

"ಎದುರುಗೋಡೆಗೆ ಹಾಕಿದ ಮೇಲೆ ಮೂಡ್ಲು ನಿನ್ನ ಜೊತೆ ಎಡಗಡೆಗೇ ಬರುತ್ತೇನಯ್ಯ?"

ಅವರು ನನಗೆ ನಾಳೆಯಿಂದ ಬರಬೇಡ ಎನ್ನುವುದೊಂದೇ ಬಾಕಿ. ಅಷ್ಟರಲ್ಲಿ ಸಿದ್ದೇಗೌಡರೇ ಎದ್ದು ನಿಂತರು.

"ಬುಡಿ ಸಾರ್, ಒಸಬ. ನಾನೂ ಮೊದಲ್ನೇ ದಿವ್ಸ ಬಸ್ಸ ಕೆರೆ ಏರಿಂದ ಇಳಿಸ್ಬುಟ್ಟಿದ್ದೆ."

ಅವರು ದೂರಿನ ಒಂದು ಮಾತಾಡಿದ್ದರೂ ನಾನು ಅಂದೇ ಮನೆಗೆ. ನಾನು ಅನ್ನ ಕಿತ್ತುಕೊಳ್ಳಲು ಹೊರಟಿದ್ದ ಮನುಷ್ಯ ನನ್ನ ಅನ್ನ ಉಳಿಸಿದರು. ಆಮೇಲೆ ಆ ಕೆಲಸದಲ್ಲೇ ನನ್ನ ತಲೆ ನರೆಯಿತು. ಇವತ್ತಿಗೂ ಅವರನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಅವರಿಗೆ ಬೇಕಾದ ಕಾಗದ ಸಿಕ್ಕಿತು. ಆದರೆ ಸಂಜೆ ಬಸ್ಸಿಗೆ ಜನ ಹತ್ತಲೊಲ್ಲರು. ಖಾಲಿ ಬಸ್ಸು ಹೋದರೆ ಮಾಲೀಕ ಕಾಗದ ನೋಡುತ್ತಾನೆಯೇ? ಕೊನೆಗೆ ನಾನೇ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದೆ, ಅದೂ ಅಚ್ಚ ಕನ್ನಡದಲ್ಲಿ. "ನೋಡ್ರಪ್ಪಾ, ಇವರ ಕಣ್ಣು ಸರಿಯಾಗಿದೆ. ಸರಿಯಿಲ್ಲದ್ದು ನನ್ನ ತಲೆ. ನನಗೆ ಮೂಡ್ಲು ಪಡುವ್ಲು ಗೊತ್ತಾಗಲ್ಲ."

ಜನ ನನ್ನ ಮುಖವನ್ನು ಚೆನ್ನಾಗಿ ನೋಡಿದರು. ನಂಬಿಕೆ ಬಂತು. ಎಲ್ಲರೂ ಹತ್ತಿದರು, ಸೀಟೆಲ್ಲ ತುಂಬಿ, ಮಂಡ್ಯಕ್ಕೆ ಮರಳಬೇಕಿದ್ದ ನಾನು ಕಂಬಿ ಹಿಡಿದು ನಿಂತೆ. ಸಿದ್ದೇಗೌಡರು ಗೇರು ಹಾಕುತ್ತ ಹಿಂದೆ ತಿರುಗಿದರು.

"ಆ ಉಡ್ಗನ್ಗೆ ಯಾರಾರ ಜಾಗ ಕೊಡ್ರಪ್ಪ. ಮೂಡ್ಲು ಪಡುವ್ಲು ತಿಳಿಯಾಕಿಲ್ವಂತೆ, ಎಲ್ಲಾರ ಇಳ್ಕಂಡ್ಬುಟ್ಟಾನು ಪಾಪ."

ಪೊರೆ ಬಂದಿದ್ದ ಅಜ್ಜಿ ತಡಕಾಡುತ್ತ ಎದ್ದರು. ನನ್ನ ಕೈ ಹಿಡಿದು, "ನಿಧಾನ ಕಣಪ್ಪ, ಕಾಲ್ಗೆ ಚೀಲ ಸಿಕ್ತದೆ" ಎಂದು ದಾರಿ ತೋರಿಸಿ ತಮ್ಮ ಸೀಟಿನಲ್ಲಿ ಕೂರಿಸಿದರು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕೂತೆ.