ಹೋಳಿಗೆ ತಿನ್ನುವ ಹೊದಿಕೆ

ಹಾನಗಲ್ಲಿನ ಶೀಲಕ್ಕ ಅಜ್ಜಿಯಾದ ದಿನವೇ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟಳು.

"ಕೂಸಿನ ತೊಟ್ಟಿಲದಾಗ ಹಾಸೂದು ನನ್ನ ಕೈಯಾರೆ ಹೆಣೆದ ಹೊದಿಕಿ! ಕೌದಿ ಗೀದಿ ಎಲ್ಲಾ ಹಳೇ ಕಾಲದ್ದಾತು. ನಾ ಟುನೀಶಿಯನ್ ಕ್ರೋಶಾ ಹಾಕ್ತೇನಿ!"

ಪಂಪ್‌ಸೆಟ್ ಸಾಮಾನಿನ ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡ ಮಹಾಲಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಈ ಟುನೀಶಿಯಾ ಎಲ್ಲಿ ಬರತೈತಿ? ಹಿರೇಕೆರೂರು ದಾಟಿದ ಮ್ಯಾಲೇನು?"

"ಎಲ್ಲರ ಬರಲಿ ಬಿಡ್ರಿ. ನಾವೇನ್ ಬಸ್ ಹತ್ತಿ ಹೋಗೂದೈತೇನು? ಫೋನಿನ್ಯಾಗ ಕಲಸ್ತಾರ."

ಪ್ರತಿಜ್ಞೆಯ ಹಿಂದೆ ಇಪ್ಪತ್ತೆಂಟು ವರ್ಷದ ಹೊಟ್ಟೆಯುರಿ ಇತ್ತು. ಅತ್ತೆ ಹೊನ್ನವ್ವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆಯ ಸೀರೆಗಳನ್ನು ಹರಡಿ ಸೂಜಿ ಹಿಡಿದು ಕೂತಳೆಂದರೆ, ಆ ಓಣಿಯಲ್ಲಿ ಅವಳ ಕೌದಿಯ ಮೇಲೆ ಮಲಗದ ಕೂಸೇ ಇರಲಿಲ್ಲ. ಹೊಸ ಸೊಸೆ ಶೀಲಕ್ಕ ಒಮ್ಮೆ ಹೊಲಿಯಲು ಹೋಗಿ ತನ್ನ ಸೆರಗನ್ನೇ ಕೌದಿಗೆ ಸೇರಿಸಿ ಹೊಲಿದಾಗ ಅತ್ತೆ ಸೂಜಿ ಕಸಿದುಕೊಂಡು ಅಂದಿದ್ದಳು: "ಬಿಡವಾ, ನಿನ್ನ ಕೈಗೆ ಈ ವಿದ್ಯಾ ಒಲಿಯೂದಿಲ್ಲ." ಅತ್ತೆ ತೀರಿಕೊಂಡು ಮೂರು ವರ್ಷವಾದರೂ ಆ ಮಾತು ತೀರಿಕೊಂಡಿರಲಿಲ್ಲ!

ಇದು ಸಾಲದೆಂಬಂತೆ ಮಗ ಬಸವೇಶನ ಅತ್ತೆ, ಹಿರೇಬೆಂಡಿಗೇರಿಯ ಗುತ್ತೆವ್ವ, ಕೌದಿಯಲ್ಲಿ ಇನ್ನೊಬ್ಬ ಮಹಾರಾಣಿ. ಸೊಸೆಗೆ ಅಲ್ಲೇ ಹೆರಿಗೆಯಾಗಿತ್ತು. ಹದಿಮೂರನೆಯ ದಿನ ಅಲ್ಲೇ ತೊಟ್ಟಿಲು. ಅಂಗಡಿಯ ಹೊದಿಕೆ ಒಯ್ದರೆ ಗುತ್ತೆವ್ವ ಏನೂ ಅನ್ನುವವಳಲ್ಲ, ಬರೀ ನಗುತ್ತಾಳೆ. ಆ ನಗೆಯನ್ನು ನೆನೆದರೇ ಶೀಲಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಪಕ್ಕದ ಮನೆಯ ಹೊಲಿಗೆ ಟೀಚರ್ ಫರ್ಹತ ತವರಿಗೆಂದು ಶಿಗ್ಗಾಂವಿಗೆ ಹೊರಡುವ ಗಡಿಬಿಡಿಯಲ್ಲಿ ಮೊಳದುದ್ದದ ಕೊಕ್ಕೆಕಡ್ಡಿ ಕೊಟ್ಟುಹೋದಳು. ಮಿಕ್ಕಿದ್ದನ್ನು ಫೋನು ಕಲಿಸಿತು. ಅದರಲ್ಲಿ ಯಾವುದೋ ದೇಶದ ಹೆಂಗಸು ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದಳು. ಶೀಲಕ್ಕ ಅವಳ ಬೆರಳನ್ನಷ್ಟೇ ನೋಡಿದಳು. ಮೊದಲು ಅರವತ್ತು ಕುಣಿಕೆಯ ಸರಪಳಿ. ಆಮೇಲೆ ಹೋಗುವಾಗ ಪ್ರತಿ ಕುಣಿಕೆಯನ್ನೂ ಎತ್ತಿ ಕಡ್ಡಿಯ ಮೇಲೆ ಕೂರಿಸಿಕೊಳ್ಳಬೇಕು, ಬರುವಾಗ ಒಂದೊಂದನ್ನೇ ಇಳಿಸುತ್ತ ಬರಬೇಕು. ಥೇಟ್ ತಿಳವಳ್ಳಿ ಬಸ್ಸು! ಬಟ್ಟೆಯನ್ನು ಮಾತ್ರ ಎಂದೂ ತಿರುವಿ ಹಿಡಿಯಬಾರದು.

ಮೊದಲ ಮಧ್ಯಾಹ್ನ ಐದು ಸಾಲು ಮುಗಿದವು, ದಿನಕ್ಕೆ ಐದೈದರ ಲೆಕ್ಕ. ಗುಲಾಬಿ ಉಲ್ಲನ್, ಗಟ್ಟಿ ನೇಯ್ಗೆ. ಶೀಲಕ್ಕ ಪಡಸಾಲೆಯ ಗೋಡೆಯ ಮೇಲಿದ್ದ ಅತ್ತೆಯ ಫೋಟೋಕ್ಕೆ ಅದನ್ನು ಎತ್ತಿ ತೋರಿಸಿದಳು. "ನೋಡ್ರಿ! ಒಲಿಯೂದಿಲ್ಲ ಅಂದಿದ್ರಲ್ಲ!"

ಹಾಗೆ ಅನ್ನಬಾರದಿತ್ತು.

ಮರುದಿನ ಕಡ್ಡಿಯ ಮೇಲೆ ಎಣಿಸಿದರೆ ಐವತ್ತೈದು! ಅದರ ಮರುದಿನ ಐವತ್ತು! ಮನೆಯಲ್ಲಿ ಮಕ್ಕಳಿಲ್ಲ, ಬೆಕ್ಕಿಲ್ಲ. ದಾರ ಎಲ್ಲೂ ಹರಿದಿಲ್ಲ, ಬಿಚ್ಚಿಲ್ಲ. ದಿನಕ್ಕೆ ಐದು ಕುಣಿಕೆ ಮಾತ್ರ ಸದ್ದಿಲ್ಲದೆ ಮಾಯ!

"ಏನ್ರೀ, ನನ್ನ ಕುಣಿಕಿ ಯಾರೋ ಒಯ್ಯಾಕತ್ತಾರ್ರಿ!"

"ನಮ್ಮವ್ವ ಇರಬೇಕು," ಅಂದ ಮಹಾಲಿಂಗಪ್ಪ ಮಜ್ಜಿಗೆ ಕುಡಿಯುತ್ತ. "ಮ್ಯಾಲೆ ಚಳಿ ಭಾಳಂತ. ಅಕಿನೂ ಒಂದು ಹೆಣಿಯಾಕತ್ತಿರಬೇಕು."

ಅವನು ನಕ್ಕು ಅಂಗಡಿಗೆ ಹೋದ. ಶೀಲಕ್ಕ ಇನ್ನೊಮ್ಮೆ ಎಣಿಸಿದಳು, ಐವತ್ತೇ. ಓಣಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಚಾಪೆಯ ಮೇಲೆ ಹರಡಿಟ್ಟಿದ್ದ ಹೊದಿಕೆಯ ಅಂಚು ಮೆಲ್ಲಗೆ ತಾನಾಗಿಯೇ ಮೇಲೆದ್ದಿತು. ಅವಳು ನೋಡುತ್ತಿದ್ದಂತೆ ಸುರುಳಿ ಸುತ್ತಿಕೊಂಡು ಸುಮ್ಮನಾಯಿತು. ಶೀಲಕ್ಕ ಅದನ್ನು ಬಿಡಿಸಿ ತುಂಬಿದ ಕೊಡ ಹೇರಿದಳು. ತಾಸು ಬಿಟ್ಟು ಕೊಡ ತೆಗೆದಳೋ ಇಲ್ಲವೋ, ಮತ್ತೆ ಎದ್ದು ಸುತ್ತಿಕೊಂಡಿತು!

ಆಗ ಅವಳಿಗೆ ಥಟ್ಟನೆ ಹೊಳೆಯಿತು. ಉಣ್ಣಿಸಿಲ್ಲ!

ಅತ್ತೆ ಪ್ರತಿ ಕೌದಿಗೂ ಉಣ್ಣಿಸುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಹೋಳಿಗೆ ಒಳಗಿಟ್ಟು, "ಹೊಟ್ಟಿ ತುಂಬಿತೇನವಾ?" ಎಂದು ಕೌದಿಯನ್ನೇ ಕೇಳಿ ಹೊಲಿಯುತ್ತಿದ್ದಳು. ಹಸಿದ ಕೌದಿ ಸುಮ್ಮನಿರುವುದಿಲ್ಲ ಎನ್ನುವುದು ಅವಳ ನಂಬಿಕೆ. ಟುನೀಶಿಯಾದ ಹೊದಿಕೆಗೂ ಹೊಟ್ಟೆ ಇರುತ್ತದೆಂದು ಆ ಫೋನಿನ ಹೆಂಗಸು ಹೇಳಲೇ ಇಲ್ಲ! ಪಾಪದ್ದು ಹಸಿವಿಗೆ ತನ್ನ ಕುಣಿಕೆಗಳನ್ನು ತಾನೇ ತಿನ್ನುತ್ತಿದೆ.

ಕುಣಿಕೆ ನಲವತ್ತಕ್ಕಿಳಿದ ದಿನ ಶೀಲಕ್ಕ ಹೂರಣ ರುಬ್ಬಿದಳು. ಒಂದು ಚೂರು ಹೋಳಿಗೆಯನ್ನು ಸುರುಳಿಯೊಳಗಿಟ್ಟು, ಕೈಮುಗಿದು ಹಿತ್ತಲಿಗೆ ಬಟ್ಟೆ ಒಣಗಹಾಕಲು ಹೋದಳು. ತಿರುಗಿ ಬಂದು ನೋಡಿದರೆ ಹೋಳಿಗೆ ಇಲ್ಲ! ಒಂದು ಇರುವೆಯಿಲ್ಲ, ಒಂದು ಚೂರೂ ಉದುರಿಲ್ಲ.

ಮರುದಿನ ಅರ್ಧ ಇಟ್ಟಳು. ಹೋಯಿತು. ಆಮೇಲೆ ಇಡೀ ಹೋಳಿಗೆ. ಅದೂ ಹೋಯಿತು. ಮೇಲೆ ತುಪ್ಪ ಸುರಿದು ಎರಡಿಟ್ಟಳು. ಎರಡೂ ಹೋದವು! ಹೊದಿಕೆ ಹೋಳಿಗೆಯನ್ನೂ ತಿಂದಿತು, ದಿನಕ್ಕೆ ಐದು ಕುಣಿಕೆಯನ್ನೂ ಬಿಡಲಿಲ್ಲ. ಹತ್ತನೆಯ ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಪಡಸಾಲೆಯಿಂದ ಒಂದು ಸದ್ದು ಕೇಳಿತು. ಚಪ್, ಚಪ್, ಚಪ್. ಶೀಲಕ್ಕನ ಕೈಯಿಂದ ಸೌಟು ಬಿತ್ತು. ಅದು ಅತ್ತೆಯದೇ ಚಪ್ಪರಿಕೆ! ಹೊನ್ನವ್ವ ಸಿಹಿ ತಿನ್ನುವಾಗ ಹಾಗೇ ಬಾಯಿ ಸದ್ದು ಮಾಡುತ್ತಿದ್ದಳು. ಹೊರಗೆ ಹೋಗಿ ನೋಡುವ ಧೈರ್ಯ ಬರಲಿಲ್ಲ. ಒಳಗಿನಿಂದಲೇ, "ಇನ್ನೊಂದು ನೀಡ್ಲೇನ್ರಿ?" ಎಂದಳು.

ಸದ್ದು ಗಕ್ಕನೆ ನಿಂತಿತು.

ಹನ್ನೆರಡನೆಯ ದಿನ ಕುಣಿಕೆ ಐದೇ ಐದು. ನಾಳೆ ತೊಟ್ಟಿಲು. ಅಗಲವಾದ ಹೊದಿಕೆ ಮೊನೆಯಾಗಿ, ಸಮೋಸದ ಆಕಾರಕ್ಕೆ ಬಂದು ನಿಂತಿತ್ತು. ಶೀಲಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಅಂದಳು. ಅಷ್ಟರಲ್ಲಿ ಫರ್ಹತ ಶಿಗ್ಗಾಂವಿಯಿಂದ ಬಂದಳು. ಕಥೆಯೆಲ್ಲ ಕೇಳಿ, ಕಡ್ಡಿ ಕೊಟ್ಟು, "ಒಂದ್ ಸಾಲು ಹಾಕ್ರಿ, ನೋಡೂಣು," ಅಂದಳು. ನೋಡಿದ್ದೇ ಹಣೆ ಚಚ್ಚಿಕೊಂಡಳು.

"ಶೀಲಕ್ಕಾರ, ಕಟ್ಟಕಡೀ ಕುಣಿಕಿ ಯಾಕ ಬಿಡಾಕತ್ತೀರಿ? ಅಂಚಿನ್ಯಾಗ ಅಡಗಿರತೈತಲ್ಲ, ಅದನ್ನೂ ಎತ್ತಬೇಕ್ರಿ. ಸಾಲಿಗೊಂದು ನೀವ ಬಿಟ್ಟೀರಿ!"

ಫೋನಿನಲ್ಲಿ ಆ ಕುಣಿಕೆ ಹೆಂಗಸಿನ ಹೆಬ್ಬೆರಳ ಹಿಂದಿತ್ತು!

"ಹಂಗಾರ ತಾನ ಸುತ್ತಿಕೊಳ್ಳೂದು?"

"ಈ ನೇಯ್ಗಿ ಗುಣಾನ ಅದ್ರಿ."

"ಹೋಳಗಿ?"

ಫರ್ಹತ ಒಳಬಾಗಿಲಿನತ್ತ ತಿರುಗಿದಳು. ಊಟ ಮುಗಿಸಿ ಅಲ್ಲಿಂದ ಬಂದ ಮಹಾಲಿಂಗಪ್ಪನ ಮುಖವನ್ನೇ ನೋಡಿದಳು. ಅವನ ಬಿಳಿಮೀಸೆಯಲ್ಲಿ ಗುಲಾಬಿ ಉಲ್ಲನ್ನಿನ ಎಳೆಯೊಂದು ನೇತಾಡುತ್ತಿತ್ತು. ಡಾಕ್ಟರು ಸಿಹಿ ಬಿಡಿಸಿ ಎಂಟು ತಿಂಗಳಾಗಿತ್ತು!

"ತುಪ್ಪ ಹಾಕಿದ್ದು ನೀನ," ಅಂದ ಅವನು. "ನನ್ನ ಜಾಗಾದಾಗ ಯಾರಿದ್ರೂ ತಿಂತಿದ್ರು."

ಶೀಲಕ್ಕನಿಗೆ ಹೋದ ಜೀವ ಬಂತು. ಒಂದು ಕಡೆ ಬೇಜಾರೂ ಆಯಿತು. ಇಷ್ಟು ದಿನ ಅತ್ತೆ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದಳು. ಕಡೆಗೆ ಇದ್ದದ್ದು ಅತ್ತೆಯ ಮಗನೊಬ್ಬನೇ.

ಬಿಚ್ಚಿ ಹೆಣೆಯಲು ಸಮಯವಿರಲಿಲ್ಲ. ಮರುದಿನ ಹಿರೇಬೆಂಡಿಗೇರಿಯಲ್ಲಿ ತುಂಬಿದ ಮಂದಿಯ ನಡುವೆ ಶೀಲಕ್ಕ ಮೊನೆಯಾದ ಹೊದಿಕೆಯನ್ನು ಮುಂದಿಟ್ಟಳು. ಗುತ್ತೆವ್ವ ಎತ್ತಿ ಹಿಡಿದು ತಿರುವಿ ನೋಡಿದಳು. ನಗಲಿಲ್ಲ. ನೆಟ್ಟಗೆ ಕೂಸಿನ ತಲೆಯ ಮೇಲೆ ಹಾಕಿದಳು. ತಾನೇ ಸುತ್ತಿಕೊಳ್ಳುವ ಅಂಚು ಹಣೆಯ ಸುತ್ತ ಗಟ್ಟಿಯಾಗಿ ಕೂತಿತು, ಮೊನೆ ಬೆನ್ನ ಮೇಲೆ ಇಳಿಬಿತ್ತು.

"ಏನ್ ಚಂದ ಕುಂಚಿಗಿ ಹೆಣೆದೀರಿ ಬೀಗತ್ಯಾರ! ಸಾಲಿಗೊಂದ ಲೆಕ್ಕ ಹಿಡದು ಇಳಿಸೂದಂದ್ರ ಸಣ್ಣ ಮಾತಲ್ರಿ. ನನಗ ಬರೂದಿಲ್ಲ ತಗೋರಿ ಇದು. ನಮ್ಮ ಓಣ್ಯಾಗ ಮೂರು ಮಂದಿ ಬಸರೇರು ಅದಾರ. ಇಂಥಾವ ಮೂರು ಹೆಣದು ಕೊಡ್ರಿ."

"ಮೂರ್ಯಾಕ್ರಿ, ಆರು ಹೆಣದು ಕೊಡ್ತೇನಿ! ನನಗದು ಎಡಗೈ ಕೆಲಸ!"

ಮನೆಗೆ ಬಂದವಳೇ ಕಡ್ಡಿ ಹಿಡಿದಳು. ಈಗೇನು ಕಷ್ಟ? ಗುಟ್ಟು ಗೊತ್ತಾಗಿದೆ. ಅರವತ್ತು ಕುಣಿಕೆ ಹಾಕಿ, ಕೊನೆಯದನ್ನು ಬೇಕೆಂದೇ ಬಿಟ್ಟಳು. ಎಣಿಸಿದಳು. ಅರವತ್ತು. ಮುಂದಿನ ಸಾಲಿಗೆ ಎರಡು ಬಿಟ್ಟಳು. ಅರವತ್ತು! ಬಿಚ್ಚಿ ಮೊದಲಿನಿಂದ ಹಾಕಿ, ಮೂರು ಬಿಟ್ಟು ಬೆರಳಿಟ್ಟು ಎಣಿಸಿದಳು. ಅರವತ್ತು!

"ನಡುವ ಎಲ್ಲೋ ಹೆಚ್ಚಿಗಿ ಎತ್ತಿರಬೇಕು ನೀ," ಅಂದ ಮಹಾಲಿಂಗಪ್ಪ. ತಾನೇ ಎಣಿಸಿ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ. ಅಂದು ಅಂಗಡಿಗೆ ರಜೆಯಿದ್ದರೂ ಅಂಗಡಿಗೇ ಹೋದ.

ಐದು ದಿನ ಹೀಗೇ ಆಯಿತು. ಗುತ್ತೆವ್ವನ ಫೋನು ಎರಡು ಸಲ ಬಂತು. ಆರನೆಯ ಮಧ್ಯಾಹ್ನ ಶೀಲಕ್ಕ ಕಡ್ಡಿ ಕೆಳಗಿಟ್ಟು, ಸೆರಗು ಹೊದ್ದು, ಪಡಸಾಲೆಯ ಗೋಡೆಯ ಮೇಲಿನ ಅತ್ತೆಯ ಫೋಟೋಕ್ಕೆ ಕೈ ಜೋಡಿಸಿದಳು.

"ಅತ್ತೀ, ತಪ್ಪಾತ್ರಿ. ನನ್ನ ಕೈಗೆ ಒಲಿದಿಲ್ರಿ ಇದು. ಮೂರ ಕುಂಚಿಗಿ ಮಟ್ಟಿಗೆ ಸಾಲಿಗೊಂದ ಕುಣಿಕಿ ತಗೊಂಡ್ ಹೋಗ್ರಿ."

ಒಂದು ಸಾಲು ಹಾಕಿ ಎಣಿಸಿದಳು.

ಐವತ್ತೊಂಬತ್ತು.